ಸೋರುವ ಮಾಡಿಗೆ ಹೊಣೆ ಯಾರು?



ಬಿತ್ತಿದ ಬೀಜ ಮೊಳೆಯದಿದ್ದರೆ ಪರಿಹಾರ ಕೇಳಬೇಕು ಅಂತ ನಮಗೆ ಈಗ ಗೊತ್ತು. ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2012ರಲ್ಲಿ, ರೈತನೂ ಗ್ರಾಹಕನೇ, ಗ್ರಾಹಕರ ವೇದಿಕೆಗೆ ಹೋಗುವ ಹಕ್ಕು ಅವನಿಗಿದೆ ಎಂದಿತು. ಆದರೆ ಮಾಡಿಗೆ ಹೊದಿಸಿದ ಹಂಚೋ ಶೀಟೋ ಎರಡೇ ಮಳೆಗಾಲಕ್ಕೆ ಕೈಕೊಟ್ಟರೆ ನಾವೇನು ಮಾಡುತ್ತೇವೆ? ಸೋರುವಲ್ಲಿ ಪಾತ್ರೆ ಇಟ್ಟು, ಹಣೆಬರಹ ಅಂತ ಕೂತುಬಿಡುತ್ತೇವೆ. ಸೊಸೈಟಿಯ ಸಾಲದ ಕಂತು ಮಾತ್ರ ಸೋರುವುದಿಲ್ಲ ಸ್ವಾಮಿ, ಸರಿಯಾಗಿ ತಿಂಗಳಿಗೆ ತಿಂಗಳು ಬರುತ್ತದೆ!

ಮಂಗಳೂರು ಹಂಚಿನ ತವರು. 1865ರಲ್ಲಿ ಬಾಸೆಲ್ ಮಿಶನಿನವರು ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಹಳೆ ಮನೆ ಕೆಡವಿದಾಗ ಆ ಹಂಚನ್ನು ಕೊಳ್ಳಲು ಇಂದಿಗೂ ಜನ ಬರುತ್ತಾರೆ. ಯಾಕೆ? ಚೆನ್ನಾಗಿ ಬೆಂದ ಹಂಚು ಬೆರಳಲ್ಲಿ ಬಡಿದರೆ ಠಣ್ ಅನ್ನುತ್ತದೆ. ಅರೆಬೆಂದದ್ದು ನೀರು ಕುಡಿದು ಭಾರವಾಗಿ, ಪಾಚಿ ಹಿಡಿದು, ಪಕ್ಕಾಸು ರೀಪುಗಳನ್ನೂ ಕೊಳೆಸುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿದು. ಹಂಚು ಎಷ್ಟು ನೀರು ಹೀರಬಹುದು, ಎಷ್ಟು ಭಾರ ತಾಳಬೇಕು ಎಂದು ಹೇಳುವ ಐಎಸ್ 654 ಎಂಬ ಮಾನಕವೂ ಇದೆ. ಮಾನಕ ಕಾಗದದಲ್ಲಿದೆ, ನೀರು ಅಡುಗೆಮನೆಯಲ್ಲಿದೆ.

ಸರ್ಕಾರ ಪರಿಹಾರ ಕೊಡುವುದಿಲ್ಲವೇ ಅಂದರೆ, ಕೊಡುತ್ತದೆ. ಗಾಳಿ ಮಳೆಗೆ ಮಾಡು ಹಾರಿದರೆ ಪಂಚನಾಮೆ ನಡೆಯುತ್ತದೆ. ಕೇಂದ್ರ 2022ರಲ್ಲಿ ಹೊರಡಿಸಿದ ಮಾನದಂಡದಲ್ಲಿ, ನೂರಕ್ಕೆ 15 ಭಾಗವಾದರೂ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಇದು ಪ್ರಕೃತಿ ವಿಕೋಪದ ಹಣ. ಸರಕೇ ಕೆಟ್ಟದ್ದಾಗಿದ್ದರೆ ಆ ಲೆಕ್ಕದಲ್ಲಿ ಜಾಗವಿಲ್ಲ.

ಹಾಗಾದರೆ ಸರ್ಕಾರ ಎಲ್ಲದಕ್ಕೂ ಕೊಡಬೇಕೇ? ನಾನು ಹಾಗನ್ನುವುದಿಲ್ಲ. ಮೊದಲ ಹೊಣೆ ಮಾಡಿದವನದು, ಮಾರಿದವನದು. ಆದರೆ ಸರ್ಕಾರಿ ಯೋಜನೆಯ ಮನೆಗೆ ಇಂಥದೇ ಶೀಟು ಹಾಕಬೇಕು ಅಂತ ಅಧಿಕಾರಿಯೋ ಗುತ್ತಿಗೆದಾರನೋ ತೀರ್ಮಾನ ಮಾಡಿದ್ದರೆ, ಅಪಾಯ ಗೊತ್ತಿದ್ದೂ ಸರ್ಕಾರ ಸುಮ್ಮನಿದ್ದರೆ, ಹೊಣೆ ಅದರದೂ ಹೌದು.

ಆಸ್ಟ್ರೇಲಿಯಾದ ಕ್ಯಾನ್‌ಬೆರಾ ನಗರವನ್ನು ನೋಡಿ. 1968ರಿಂದ 1979ರವರೆಗೆ ಒಂದು ಖಾಸಗಿ ಕಂಪನಿ ಸಾವಿರಕ್ಕೂ ಹೆಚ್ಚು ಮನೆಗಳ ಮಾಡಿನಡಿ ಸೆಖೆ ತಡೆಯಲು ಬಿಡಿ ಆಸ್ಬೆಸ್ಟಾಸ್ ನಾರನ್ನು ತುಂಬಿತು. ಇದು ಬೇಡ ಎಂದು ಸರ್ಕಾರದ ತಜ್ಞರೇ 1968ರಲ್ಲಿ ಎಚ್ಚರಿಸಿದ್ದರು. ಆಳುವವರು ಕೇಳಲಿಲ್ಲ. ಆಮೇಲೆ ಒಮ್ಮೆ ತೆಗೆಸಿದರೂ ಧೂಳು ಉಳಿಯಿತು. ಮನೆಯವರು ಒಟ್ಟಾಗಿ ಪಟ್ಟುಹಿಡಿದರು. 2014ರಲ್ಲಿ ಅಲ್ಲಿನ ಸರ್ಕಾರ ಆ ಮನೆಗಳನ್ನೇ ಕೊಂಡು ಕೆಡವುವ ಯೋಜನೆ ಘೋಷಿಸಿತು. ಅದಕ್ಕೆ ಕೇಂದ್ರದಿಂದ ನೂರು ಕೋಟಿ ಡಾಲರ್ ಸಾಲ ಎತ್ತಿತು.

ನಮ್ಮಲ್ಲಿ? ಎಲ್ಲ ಬಗೆಯ ಆಸ್ಬೆಸ್ಟಾಸ್ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಆದರೂ ಹೊರದೇಶದಿಂದ ನಾರು ತರಿಸಿ ಶೀಟು ಮಾಡುವುದು ನಡೆದೇ ಇದೆ. ಬಡವನ ಕೊಟ್ಟಿಗೆಗೂ ಮನೆಗೂ ಅದೇ ಬರುತ್ತದೆ. ಆ ಶೀಟನ್ನು ಗರಗಸದಲ್ಲಿ ಕೊಯ್ಯಬೇಡಿ, ಒಡೆಯಬೇಡಿ, ಒಣಗಿದ್ದಾಗ ಉಜ್ಜಬೇಡಿ.

ಈಗ ಮಾಡಬೇಕಾದದ್ದು. ಬಿಲ್ ಇಲ್ಲದೆ ಹಂಚು, ಶೀಟು ಕೊಳ್ಳಬೇಡಿ. ಹತ್ತು ರೂಪಾಯಿ ಕಡಿಮೆ ಅಂತ ಬಿಲ್ ಬಿಟ್ಟರೆ ನ್ಯಾಯವನ್ನೂ ಬಿಟ್ಟಂತೆ. ಕೆಟ್ಟ ಹಂಚಿನಲ್ಲಿ ನಾಲ್ಕೈದನ್ನು ಎತ್ತಿಡಿ, ಫೋಟೋ ತೆಗೆಯಿರಿ, ಅಂಗಡಿಯವನಿಗೆ ಬರವಣಿಗೆಯಲ್ಲೇ ದೂರು ಕೊಡಿ. 2019ರ ಗ್ರಾಹಕರ ರಕ್ಷಣಾ ಕಾಯಿದೆಯಲ್ಲಿ ತಯಾರಕನನ್ನೂ ಹೊಣೆ ಮಾಡಬಹುದು. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರಿಲ್ಲದೆಯೂ ವಾದಿಸಬಹುದು. ಸರಕನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ.

ಒಬ್ಬನೇ ಹೋದರೆ ಅಂಗಡಿಯವನು ನಗುತ್ತಾನೆ. ಒಂದೇ ಲೋಡಿನ ಹಂಚು ಹಾಕಿದ ಹತ್ತು ಮನೆಯವರು ಒಟ್ಟಿಗೆ ಹೋಗಿ. ಯೋಜನೆಯ ಮನೆ ಸೋರಿದರೆ ರಿಪೇರಿ ಖರ್ಚು ಸರ್ಕಾರದ್ದೇ ಎಂದು ಮುಂದಿನ ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಮಳೆಗಾಲಕ್ಕೆ ಮೊದಲೇ ಆಗಬೇಕು ಈ ಕೆಲಸ.