ಓಟಕ್ಕೆ ಮುನ್ನಿನ ಪರೀಕ್ಷೆ

ಭಾನುವಾರದ ಸಂಜೆ ನಮ್ಮ ಅನೇಕ ಮನೆಗಳಲ್ಲಿ ತರುಣರು ಟಿ.ವಿ.ಯ ಮುಂದೆ ಕುಳಿತು ಮೋಟಾರು ಪಂದ್ಯ ನೋಡುವುದುಂಟು. ಹಿರಿಯರಿಗೆ ಅದು ಬರಿಯ ವೇಗದ ಹುಚ್ಚೆಂದು ತೋರಬಹುದು. ಆದರೆ ಆ ವೇಗದ ಹಿಂದೆ ಬಹು ಕಟ್ಟುನಿಟ್ಟಾದ ನಿಯಮಗಳಿವೆ. ಅವುಗಳಿಂದ ನಾವು ಕಲಿಯಬೇಕಾದುದೂ ಇದೆ.

ಫಾರ್ಮುಲಾ ಒನ್ ಪಂದ್ಯದಲ್ಲಿ ಯಾರು ಮುಂದೆ ನಿಲ್ಲಬೇಕು, ಯಾರು ಹಿಂದೆ ನಿಲ್ಲಬೇಕು ಎಂಬುದನ್ನು ಅರ್ಹತಾ ಸುತ್ತು ನಿರ್ಧರಿಸುತ್ತದೆ. 2006ರಲ್ಲಿ ಇದನ್ನು ಮೂರು ಹಂತಗಳಾಗಿ ವಿಭಾಗಿಸಲಾಯಿತು. ಮೊದಲೆರಡು ಹಂತಗಳಲ್ಲಿ ನಿಧಾನಗತಿಯವರು ಹೊರಬೀಳುತ್ತಾರೆ. ಉಳಿದ ಹತ್ತು ಮಂದಿ ಅಗ್ರಸ್ಥಾನಕ್ಕಾಗಿ ಸೆಣಸುತ್ತಾರೆ.

ಅದೇ 2006ರ ಮೇ ತಿಂಗಳಲ್ಲಿ ಮೊನಾಕೊದಲ್ಲಿ ಒಂದು ಪ್ರಸಂಗ ನಡೆಯಿತು. ಅಲ್ಲಿನ ಓಟದ ಹಾದಿ ಊರಿನ ಇಕ್ಕಟ್ಟಾದ ಬೀದಿಗಳೇ. ಮುಂದಿನವರನ್ನು ಹಿಂದಿಕ್ಕುವುದು ಅತಿ ಕಷ್ಟ. ಆದ್ದರಿಂದ ಅಗ್ರಸ್ಥಾನಕ್ಕೆ ಅಲ್ಲಿ ಎಲ್ಲಿಲ್ಲದ ಬೆಲೆ. ಏಳು ಬಾರಿ ವಿಶ್ವವಿಜೇತರಾಗಿದ್ದ ಮೈಕೆಲ್ ಶುಮಾಕರ್ ಅತಿ ಕಡಿಮೆ ಸಮಯ ದಾಖಲಿಸಿ ಮುಂದಿದ್ದರು. ಕೊನೆಯ ಕ್ಷಣಗಳಲ್ಲಿ ಅವರ ಕಾರು ರಾಸ್ಕಾಸ್ ಎಂಬ ತಿರುವಿನಲ್ಲಿ ನಿಂತುಬಿಟ್ಟಿತು. ಹಳದಿ ಬಾವುಟ ಹಾರಿತು. ಹಿಂದೆ ವೇಗವಾಗಿ ಬರುತ್ತಿದ್ದ ಫರ್ನಾಂಡೊ ಅಲೊನ್ಸೊ ಅವರ ಪ್ರಯತ್ನ ಕೆಟ್ಟಿತು. ತಮ್ಮಿಂದ ಆದುದು ಕೇವಲ ತಪ್ಪೆಂದು ಶುಮಾಕರ್ ಹೇಳಿದರು. ತೀರ್ಪುಗಾರರು ಗಂಟೆಗಟ್ಟಲೆ ಪರಿಶೀಲಿಸಿ, ಇದು ಉದ್ದೇಶಪೂರ್ವಕವೆಂದು ತೀರ್ಮಾನಿಸಿ, ಅವರ ಸಮಯಗಳನ್ನೆಲ್ಲ ಅಳಿಸಿ ಕಟ್ಟಕಡೆಗೆ ಕಳುಹಿಸಿದರು. ಮರುದಿನ ಅಲೊನ್ಸೊ ಗೆದ್ದರು, ಶುಮಾಕರ್ ಐದನೆಯವರಾದರು.

ಇನ್ನೊಂದು ಪ್ರಸಂಗ 2012ರ ಸ್ಪೇನ್ ಪಂದ್ಯದ್ದು. ಲೂಯಿಸ್ ಹ್ಯಾಮಿಲ್ಟನ್ ಉಳಿದವರಿಗಿಂತ ಅರ್ಧ ಸೆಕೆಂಡಿಗೂ ಹೆಚ್ಚು ವೇಗವಾಗಿ ಸುತ್ತು ಮುಗಿಸಿದರು. ಆದರೆ ತಂಡದವರು ಇಂಧನ ಕಡಿಮೆ ತುಂಬಿದ್ದರು. ಪರೀಕ್ಷೆಗೆ ಒಂದು ಲೀಟರ್ ಇಂಧನ ಉಳಿದಿರಬೇಕೆಂಬುದು ನಿಯಮ. ಅದಕ್ಕಾಗಿ ತಂಡದ ಆದೇಶದಂತೆ ಕಾರನ್ನು ಹಾದಿಯಲ್ಲೇ ನಿಲ್ಲಿಸಲಾಯಿತು. ಚಾಲಕನ ದೋಷ ಲವಲೇಶವೂ ಇರಲಿಲ್ಲ. ಆದರೂ ಅವರ ಅಗ್ರಸ್ಥಾನ ಹೋಯಿತು, ಕಟ್ಟಕಡೆಯಿಂದ ಹೊರಡಬೇಕಾಯಿತು. ಅವರು ಹೊರಟು ಎಂಟನೆಯವರಾಗಿ ಮುಗಿಸಿದರು.

ಇಬ್ಬರಿಗೂ ದೊರೆತ ಸ್ಥಾನ ಒಂದೇ, ಶಿಕ್ಷೆ ಒಂದೇ. ಆದರೆ ಎರಡೂ ಒಂದೇ ಬಗೆಯ ಸೋಲುಗಳಲ್ಲ. ಒಬ್ಬರು ಸ್ಥಾನದೊಡನೆ ಜನರ ನಂಬಿಕೆಯನ್ನೂ ಕಳೆದುಕೊಂಡರು. ಇನ್ನೊಬ್ಬರು ಸ್ಥಾನವನ್ನು ಮಾತ್ರ ಕಳೆದುಕೊಂಡರು. ಸ್ಥಾನವನ್ನು ಮುಂದಿನ ಪಂದ್ಯದಲ್ಲಿ ಪಡೆಯಬಹುದು; ನಂಬಿಕೆಯನ್ನು ಮರಳಿ ಗಳಿಸಲು ಬಹುಕಾಲ ಬೇಕು.

ಶರಣರು ಕಾಯಕದ ಫಲಕ್ಕಿಂತ ಕಾಯಕದ ಶುದ್ಧಿಗೆ ಬೆಲೆ ಕೊಟ್ಟವರು. ನಾವಾದರೋ ಮಕ್ಕಳು ಎಷ್ಟು ಅಂಕ ತಂದರೆಂದು ಕೇಳುತ್ತೇವೆ, ಹೇಗೆ ತಂದರೆಂದು ಕೇಳುವುದಿಲ್ಲ. ಅಂಗಡಿಯ ಲಾಭವನ್ನು ಎಣಿಸುತ್ತೇವೆ, ತಕ್ಕಡಿಯನ್ನು ನೋಡುವುದಿಲ್ಲ. ಇನ್ನೊಬ್ಬರ ಹಾದಿಗೆ ಅಡ್ಡ ನಿಂತು ಉಳಿಸಿಕೊಂಡ ಅಗ್ರಸ್ಥಾನ ನಮ್ಮದಲ್ಲ ಎಂಬುದನ್ನು ಮೊದಲು ನಾವು ಅರಿಯಬೇಕು, ಬಳಿಕ ಮಕ್ಕಳಿಗೆ ತಿಳಿಸಬೇಕು. ಪರರ ತಪ್ಪಿನಿಂದ ಮಕ್ಕಳು ಹಿಂದೆ ಬಿದ್ದಾಗಲಂತೂ, ಗೊಣಗದೆ ಕಡೆಯ ಸಾಲಿನಿಂದಲೇ ಹೊರಡುವ ಧೈರ್ಯವನ್ನು ಅವರಿಗೆ ತುಂಬುವುದು ಮನೆಯ ಹಿರಿಯರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.