ರಸ್ತೆಗೆ ಹಾಸಿದ ಬಿಸಿಲು

ಕಳೆದ ವಾರ ಪಾಠ ಮುಗಿಸಿ ಹೊರಬರುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಹಿಂದೆಯೇ ಬಂದನು. ಪಾವಗಡದ ಕಡೆಯ ರೈತನ ಮಗ. “ಸಾರ್, ಹೊಲದಲ್ಲಿ ನಿಲ್ಲಿಸುವ ಸೌರಫಲಕಗಳನ್ನು ರಸ್ತೆಗೇ ಹಾಸಿದರಾಗದೆ? ರಸ್ತೆಯಲ್ಲೇನೂ ಕಡಲೆಕಾಯಿ ಬೆಳೆಯುವುದಿಲ್ಲವಲ್ಲ!” ಎಂದನು. ಪಾವಗಡದ ಸೌರ ಉದ್ಯಾನವು ಹರಡಿರುವುದು ಸುಮಾರು 13,000 ಎಕರೆ; ಅದರ ಬಹುಪಾಲು ರೈತರಿಂದ ಗುತ್ತಿಗೆಗೆ ಪಡೆದ ನೆಲ. ಪ್ರಶ್ನೆಯ ಹಿಂದೆ ಒಂದು ಮನೆತನದ ಹೊಲವೇ ಇದ್ದುದರಿಂದ ನಕ್ಕು ಹಾರಿಸುವಂತಿರಲಿಲ್ಲ.

ಕನ್ನಡ ಪಾಠ ಹೇಳುವವನಿಗೆ ವಿದ್ಯುತ್ತಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ತಿಂಗಳಿಗೊಮ್ಮೆ ಬಿಲ್ಲು ಕಟ್ಟುವವರೆಲ್ಲರಿಗೂ ಆ ಗೊಡವೆ ಉಂಟು.

ಹುಡುಗನ ಕನಸನ್ನು ಫ್ರಾನ್ಸ್ ದೇಶದವರು ಆಗಲೇ ಕಂಡು ನೋಡಿದ್ದಾರೆ. ನಾರ್ಮಂಡಿ ಪ್ರಾಂತದ ತೂರೂವ್ರ್ ಎಂಬ ಊರಿನಲ್ಲಿ 2016ರ ಡಿಸೆಂಬರಿನಲ್ಲಿ ಒಂದು ಕಿಲೋಮೀಟರ್ ರಸ್ತೆಗೆ 2,800 ಚದರ ಮೀಟರ್ ಸೌರಫಲಕಗಳನ್ನು ಅಂಟಿಸಿದರು. ತಗುಲಿದ ವೆಚ್ಚ 50 ಲಕ್ಷ ಯೂರೋ. ಎಂದರೆ ಚದರ ಮೀಟರಿಗೆ ಸುಮಾರು 1,800 ಯೂರೋ! ಐದು ಸಾವಿರ ಜನರ ಊರೊಂದರ ಬೀದಿದೀಪಗಳಿಗೆ ಅದು ಸಾಕಾದೀತೆಂದು ಹೇಳಲಾಗಿತ್ತು. 2017ರಲ್ಲಿ ದೊರೆತದ್ದು ಸುಮಾರು ಒಂದೂವರೆ ಲಕ್ಷ ಯೂನಿಟ್. ಮರುವರ್ಷ ಅದು 78,000ಕ್ಕೆ ಇಳಿಯಿತು. ಫಲಕಗಳ ಅಂಚುಗಳು ಎದ್ದವು, ಬಿರುಕು ಬಿಟ್ಟವು. ವಾಹನಗಳ ಸದ್ದನ್ನು ತಾಳಲಾರದೆ ವೇಗವನ್ನು ಗಂಟೆಗೆ 70 ಕಿಲೋಮೀಟರಿಗೆ ಇಳಿಸಬೇಕಾಯಿತು. ಕೆಟ್ಟುಹೋದ ಒಂದು ಭಾಗವನ್ನು 2018ರಲ್ಲಿಯೇ ಕಿತ್ತುಹಾಕಿದರು.

ಹೀಗೇಕಾಯಿತು? ಸೌರಫಲಕವು ಸುಖಜೀವಿ. ಅದು ಸೂರ್ಯನತ್ತ ಓರೆಯಾಗಿ ಒರಗಿರಬೇಕು, ಬೆನ್ನಿಗೆ ಗಾಳಿಯಾಡಬೇಕು, ಮೈಮೇಲೆ ಧೂಳಿರಬಾರದು, ನೆರಳು ಬೀಳಬಾರದು. ಕಾದಷ್ಟೂ ಅದರ ಉತ್ಪತ್ತಿ ಕುಗ್ಗುತ್ತದೆ. ರಸ್ತೆಯಾದರೋ ಮಟ್ಟಸವಾಗಿ ಮಲಗಿರುತ್ತದೆ. ಕಾಯುತ್ತದೆ, ಕೆಸರಾಗುತ್ತದೆ, ಮರದ ಎಲೆಗಳನ್ನೂ ಲಾರಿಯ ಭಾರವನ್ನೂ ಹೊರುತ್ತದೆ. ಆ ಭಾರವನ್ನು ತಡೆಯಲೆಂದು ಫಲಕಕ್ಕೆ ದಪ್ಪನಾದ ರಾಳದ ಕವಚ ತೊಡಿಸಿದರೆ ಬೆಳಕೇ ಕಡಿಮೆಯಾಗುತ್ತದೆ. ಚಕ್ರ ಜಾರದಿರಲೆಂದು ಮೇಲ್ಮೈಯನ್ನು ಒರಟು ಮಾಡಿದರೆ ಕೊಳೆ ಕೂರುತ್ತದೆ. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಆದರೂ ಹುಡುಗನ ಮೂಲಪ್ರಶ್ನೆ ಸುಳ್ಳಲ್ಲ. ಒಮ್ಮೆ ಬೇರೆಯ ಕೆಲಸಕ್ಕೆ ಕೊಟ್ಟ ನೆಲದಲ್ಲಿಯೇ ಬಿಸಿಲನ್ನೂ ಹಿಡಿಯಬೇಕೆಂಬುದು ವಿವೇಕದ ಮಾತೇ. ಗುಜರಾತಿನ ಚಂದ್ರಾಸನ ಗ್ರಾಮದ ಬಳಿ 2012ರಲ್ಲಿ ನರ್ಮದೆಯ ಶಾಖಾಕಾಲುವೆಯ ಮೇಲೆ, ಸುಮಾರು 750 ಮೀಟರ್ ಉದ್ದಕ್ಕೆ, ಫಲಕಗಳ ಚಪ್ಪರ ಹಾಕಿದರು. ಕೆಳಗಿನ ನೀರು ಫಲಕವನ್ನು ತಂಪಾಗಿಡುತ್ತದೆ. ಮೇಲಿನ ಫಲಕ ನೀರು ಆವಿಯಾಗುವುದನ್ನು ತಡೆಯುತ್ತದೆ. ಇಲ್ಲಿ ಎತ್ತು ಕೋಣಗಳೆರಡೂ ಒಂದೇ ಕಡೆಗೆ ಎಳೆಯುತ್ತವೆ. ಚಪ್ಪರಕ್ಕೆ ಖರ್ಚು ಹೆಚ್ಚೆಂಬುದು ನಿಜ. ಆದರೆ ಅದಕ್ಕೆ ಲಾರಿಯ ಚಕ್ರದ ಭಯವಿಲ್ಲ.

ಆದ್ದರಿಂದ ಹುಡುಗನಿಗೆ ಹೀಗೆಂದೆ: “ಫಲಕವನ್ನು ಕಾಲಡಿಗೆ ಹಾಕಬೇಡಪ್ಪ, ತಲೆಯ ಮೇಲೆ ಹೊರು. ನಮ್ಮ ಕಾಲೇಜಿನ ತಾರಸಿ ಬರಿದಾಗಿದೆ. ಬಸ್ ನಿಲ್ದಾಣದ ಮಾಡು ಬರಿದಾಗಿದೆ. ಅವೆಲ್ಲ ತುಂಬಿದ ಮೇಲೆ ರಸ್ತೆಯ ಮಾತು.”

ಅವನು ತಾರಸಿಯತ್ತ ಒಮ್ಮೆ ನೋಡಿ, “ಅವು ತುಂಬುವವರೆಗೆ ನಮ್ಮ ಹೊಲವೇ ಸಾರ್?” ಎಂದನು.

ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಾರಸಿಯುಳ್ಳವರು. ಅವರಲ್ಲಿ ನಾನೂ ಒಬ್ಬ.