ಮುಂಬಯಿಯ ಮೊದಲ ಚಾಕರಿ

ಕಳೆದ ಶತಮಾನದ ನಡುಗಾಲದಲ್ಲಿ ದಕ್ಷಿಣ ಕನ್ನಡದಿಂದ ಮುಂಬಯಿಗೆ ಹೊರಟ ಬಡಹುಡುಗನ ಬಳಿ ಯೋಗ್ಯತಾಪತ್ರವಿರುತ್ತಿರಲಿಲ್ಲ. ಊರಿನವರೊಬ್ಬರ ವಿಳಾಸ ಬರೆದ ಚೀಟಿಯಿರುತ್ತಿತ್ತು. ಹೋಟೆಲಿನ ಯಜಮಾನರು ಕೇಳುತ್ತಿದ್ದುದು ‘ಏನು ಬಲ್ಲೆ?’ ಎಂದಲ್ಲ, ‘ಯಾರ ಮನೆಯವನು?’ ಎಂದು. ಉತ್ತರ ಒಪ್ಪಿಗೆಯಾದರೆ ಅಂದೇ ಲೋಟ ತೊಳೆಯುವ ಕೆಲಸ. ಇಲ್ಲವಾದರೆ ಮುಂದಿನ ಬೀದಿ. ಸಂಬಳ ಅಲ್ಪವೇ ಸರಿ. ಆದರೆ ಆ ಮಹಾನಗರದಲ್ಲಿ ಹಣಕ್ಕಿಂತಲೂ ದುರ್ಲಭವಾದ ಊಟವೂ ಮಲಗಲು ಆರಡಿ ನೆಲವೂ ಅದರೊಡನೆ ದೊರೆಯುತ್ತಿದ್ದವು. ಗಿರಾಕಿಗಳೆದ್ದ ಬಳಿಕ ಅವರು ಉಂಡ ಮೇಜುಗಳೇ ಹುಡುಗರಿಗೆ ಮಂಚ.

1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕರೂ ಎಳವೆಯಲ್ಲಿ ಅಡುಗೆಮನೆಯ ಚಾಕರಿ ಮಾಡಿದವರೇ. ಆ ಭಾಗ್ಯ ಎಲ್ಲರದಲ್ಲ. ಉಳಿದವರಿಗೆ ಆಸರೆಯಾದದ್ದು ಕನ್ನಡಿಗರ ರಾತ್ರಿಶಾಲೆಗಳು. ಹಗಲೆಲ್ಲ ತಟ್ಟೆ ಹೊತ್ತ ಕೈ ಇರುಳಿನಲ್ಲಿ ಲೇಖನಿ ಹಿಡಿಯಿತು. ಮೆಟ್ರಿಕ್ ಆಯಿತು, ಟೈಪು ಕಲಿತದ್ದೂ ಆಯಿತು. ಹಲವರಿಗೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಗುಮಾಸ್ತಿಕೆ ದೊರೆಯಿತು. ಪಾಠದ ಹೊತ್ತಿಗೆ ಬಿಡುವು ಕೊಡದ ಯಜಮಾನನ ಕೈಗೆ ಸಿಕ್ಕವನಿಗೆ ಮಾತ್ರ ಆ ದಾರಿ ಮುಚ್ಚಿತ್ತು. ಅಂಥ ಕೆಲಸವನ್ನು ಬಿಟ್ಟು, ಶಾಲೆಗೆ ಕಳುಹಿಸುವ ಹೋಟೆಲನ್ನು ಹುಡುಕಿಕೊಂಡು, ಕಡಮೆ ಸಂಬಳಕ್ಕೆ ಸೇರಿದ ಹುಡುಗರೂ ಇದ್ದರು.